ಕೆಎ-25 (ಧಾರವಾಡ ಆರ್‌ಟಿಒ) ಲೈಸೆನ್ಸ್ ಹಿಡಿದು ವಿದೇಶಕ್ಕೆ ಹೊರಟವರಿಗೆ: ಊರಲ್ಲೇ ಮುಗಿಸುವ ಕೆಲಸ, ಅಲ್ಲಿ ಇಳಿದು ಮಾಡುವ ಕೆಲಸ

ವೀಸಾ ಬಂತು, ಟಿಕೆಟ್ ಆಯ್ತು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪ್ಯಾಕ್ ಆಯ್ತು. ಲೈಸೆನ್ಸ್ ಏನಾಯ್ತು ಅಂತ ಕೇಳಿದರೆ ಮಾತ್ರ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಒಂದೇ ಉತ್ತರ: "ಅದು ಪಾಕೀಟಿನಾಗ ಐತ್ರಿ."

ಪಾಕೀಟಿನಲ್ಲಿ ಇದ್ದರೆ ಸಾಲದು. ಕಾರ್ಡ್ ಮೇಲಿನ ಹೆಸರು, ತಾರೀಕು, ಆರ್‌ಟಿಒ ಕಂಪ್ಯೂಟರಿನಲ್ಲಿರುವ ದಾಖಲೆ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಹೊಸ ದೇಶದಲ್ಲಿ ಲೈಸೆನ್ಸ್ ಮಾಡಿಸುವ ಕೆಲಸದ ಅರ್ಧ ಭಾಗ ಇಲ್ಲೇ, ನಮ್ಮ ಆರ್‌ಟಿಒದಲ್ಲೇ ಮುಗಿಯಬೇಕು. ಆಗಲಿಲ್ಲ ಅಂದ್ರೆ ನೀವು ಟೊರಾಂಟೊದಲ್ಲಿ ಕೂತು ಊರಿನ ತಮ್ಮನನ್ನೋ ವಯಸ್ಸಾದ ಅಪ್ಪನನ್ನೋ ಆರ್‌ಟಿಒ ಕಿಟಕಿಗೆ ಓಡಾಡಿಸಬೇಕಾಗುತ್ತದೆ. ಅರ್ಜಿದಾರರೇ ಬರಬೇಕು ಅಂತ ಆ ಕಿಟಕಿಯವರು ಹೇಳಿದರೆ ಅಲ್ಲಿಗೆ ಮುಗೀತು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. "ಲೈಸೆನ್ಸ್ ಕನ್ವರ್ಟ್ ಮಾಡಿಸೋದು" ಅಂತ ನಾವು ಸಲೀಸಾಗಿ ಹೇಳುತ್ತೇವೆ. ನಮ್ಮ ಕಾರ್ಡ್ ಕೊಟ್ಟು ಅವರ ಕಾರ್ಡ್ ತಗೊಂಡು ಬರುವ ಸೌಲಭ್ಯ ಭಾರತದ ಲೈಸೆನ್ಸ್‌ಗೆ ಹೆಚ್ಚಿನ ಕಡೆ ಇಲ್ಲ. ನಮ್ಮವರು ಜಾಸ್ತಿ ಹೋಗುವ ಬ್ರಿಟನ್, ಜರ್ಮನಿ, ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಎಲ್ಲ ಕಡೆಯೂ ಪರೀಕ್ಷೆ ಕೊಡಲೇಬೇಕು. ಹಾಗಾದರೆ ಊರಿನ ಲೈಸೆನ್ಸ್‌ನಿಂದ ಏನು ಲಾಭ? ಎರಡು ಲಾಭ ಇದೆ. ಒಂದು, ಹೋದ ಹೊಸದರಲ್ಲಿ ಕೆಲವು ತಿಂಗಳು ಅದರ ಮೇಲೆಯೇ ಗಾಡಿ ಓಡಿಸಬಹುದು. ಎರಡು, ಕೆಲವು ಕಡೆ ಕಡ್ಡಾಯ ಕ್ಲಾಸು, ಕಾಯುವ ಅವಧಿ ಇವುಗಳಿಂದ ವಿನಾಯಿತಿ ಸಿಗುತ್ತದೆ. ಈ ಎರಡನೆಯ ಲಾಭಕ್ಕೆ ದುಡ್ಡಿನ ಬೆಲೆ ಜಾಸ್ತಿ. ಅದು ಸಿಗಬೇಕಾದರೆ ಕಾಗದಪತ್ರ ಸರಿ ಇರಬೇಕು.

ಹೆಸರು ನೋಡಿ, ಮೊದಲು ಹೆಸರು

ಪಾಸ್‌ಪೋರ್ಟ್ ಮತ್ತು ಲೈಸೆನ್ಸ್ ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಡಿ. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ.

ನಮ್ಮ ಭಾಗದಲ್ಲಿ ಈ ತೊಂದರೆ ಬೇರೆ ಕಡೆಗಿಂತ ಜಾಸ್ತಿ. ನಮ್ಮಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ಪಾಸ್‌ಪೋರ್ಟಿನಲ್ಲಿ "ಬಸವರಾಜ ಶಿವಯ್ಯ" ಒಂದು ಕಡೆ, "ಹಿರೇಮಠ" ಇನ್ನೊಂದು ಕಡೆ. ಲೈಸೆನ್ಸಿನಲ್ಲಿ "ಬಸವರಾಜ ಎಸ್ ಹಿರೇಮಠ". ಇನ್ನೂ ಹಳೆಯ ಲೈಸೆನ್ಸ್ ಆದರೆ "ಬಿ ಎಸ್ ಹಿರೇಮಠ" ಅಷ್ಟೇ. ಕಾಲೇಜಿನಲ್ಲಿದ್ದಾಗ ಡ್ರೈವಿಂಗ್ ಸ್ಕೂಲಿನವರು ಫಾರ್ಮ್ ತುಂಬಿದ್ದರೆ ಅಡ್ಡಹೆಸರೇ ಮಾಯ. "ಹಿರೇಮಠ" ಅನ್ನೋದನ್ನು ಎರಡು ಪದ ಮಾಡಿ ಬರೆದವರೂ ಇದ್ದಾರೆ. ಪಾಟೀಲ, ಬಡಿಗೇರ, ಮೆಣಸಿನಕಾಯಿ, ಯಾವುದೇ ಅಡ್ಡಹೆಸರು ಇರಲಿ, ಇಂಗ್ಲಿಷಿಗೆ ಹೋದಾಗ ಒಂದು ಅಕ್ಷರ ಆಚೆ ಈಚೆ ಆಗಿರುವ ಸಾಧ್ಯತೆ ಇದ್ದೇ ಇದೆ.

ಇಲ್ಲಿ ನಾವು ಅದನ್ನು ಲೆಕ್ಕಕ್ಕೆ ಇಡೋದಿಲ್ಲ. "ಏನ್ರೀ, ಎಲ್ಲಾ ಒಂದ ಮನಷ್ಯಾನ ಹೆಸರಲ್ಲೇನು?" ಅಂತ ಹೇಳಿದರೆ ನಮ್ಮ ಕ್ಲಾರ್ಕ್ ನಕ್ಕು ಸಹಿ ಹಾಕಬಹುದು. ವಿದೇಶದ ಕೌಂಟರಿನಲ್ಲಿ ಕೂತವರಿಗೆ 'ಎಸ್' ಅಂದರೆ ಶಿವಯ್ಯ ಅಂತ ಗೊತ್ತಾಗುವುದಾದರೂ ಹೇಗೆ? ಅವರು ಕಂಪ್ಯೂಟರಿನಲ್ಲಿ ಪಾಸ್‌ಪೋರ್ಟ್ ಹೆಸರು ತುಂಬಿಸಿರುತ್ತಾರೆ. ಲೈಸೆನ್ಸ್ ಹೆಸರು ಅದಕ್ಕೆ ತಾಳೆ ಆಗದಿದ್ದರೆ ಪಕ್ಕಕ್ಕೆ ಇಡುತ್ತಾರೆ.

ಹಾಗಾಗಿ ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಸಿ. ಕೇಂದ್ರ ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್‌ಗೆ (ಡ್ರೈವಿಂಗ್ ಲೈಸೆನ್ಸ್‌ಗೆ) ಸಂಬಂಧಿಸಿದ ಸೇವೆಗಳ ಪಟ್ಟಿಯಲ್ಲಿ ಹೆಸರು ಬದಲಾವಣೆ, ಜನ್ಮದಿನಾಂಕ ತಿದ್ದುಪಡಿ, ವಿಳಾಸ ಬದಲಾವಣೆ ಎಲ್ಲ ಬೇರೆ ಬೇರೆ ಇವೆ. ಮದುವೆ ಆದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಅಡ್ಡಹೆಸರು ಹಾಕಿಸಿ, ಲೈಸೆನ್ಸಿನಲ್ಲಿ ತವರಿನ ಹೆಸರೇ ಬಿಟ್ಟ ಹೆಣ್ಣುಮಕ್ಕಳು ಇದನ್ನು ಖಂಡಿತ ಮಾಡಿಸಿಕೊಳ್ಳಿ. ಅದಕ್ಕೆ ಸಮಯ ಇಲ್ಲ ಅಂದ್ರೆ ಮದುವೆ ನೋಂದಣಿ ಪತ್ರದ ಮೂಲಪ್ರತಿ ಜೊತೆಗಿರಲಿ.

ಊರಿನ ಹೆಸರಿನ ಬಗ್ಗೆ ಮಾತ್ರ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 2014ರ ನವೆಂಬರಿನಲ್ಲಿ ಹುಬ್ಳಿ ಹೋಗಿ ಹುಬ್ಬಳ್ಳಿ ಆಯಿತು. ಪಾಸ್‌ಪೋರ್ಟಿನ ಜನ್ಮಸ್ಥಳ ಹಳೆಯ ಸ್ಪೆಲ್ಲಿಂಗ್, ಲೈಸೆನ್ಸಿನ ವಿಳಾಸ ಹೊಸ ಸ್ಪೆಲ್ಲಿಂಗ್ ಇದ್ದರೆ ನಡೆಯುತ್ತದೆ. ಅವರು ನೋಡುವುದು ವ್ಯಕ್ತಿಯ ಹೆಸರು ಮತ್ತು ಹುಟ್ಟಿದ ತಾರೀಕು.

ತಾರೀಕು, ಹಳೆ ಪುಸ್ತಕ, ಮತ್ತು ಡಿಎಲ್ ಎಕ್ಸ್‌ಟ್ರ್ಯಾಕ್ಟ್

ಲೈಸೆನ್ಸ್ ಯಾವಾಗ ಮುಗಿಯುತ್ತದೆ ನೋಡಿ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ನಂತರದ ಲೆಕ್ಕ ಹೀಗಿದೆ: 30 ತುಂಬುವ ಮುಂಚೆ ಮಾಡಿಸಿದ್ದರೆ 40 ವರ್ಷ ಆಗುವ ತನಕ ನಡೆಯುತ್ತದೆ. 30ರಿಂದ 50ರ ಒಳಗೆ ಮಾಡಿಸಿದರೆ 10 ವರ್ಷ. 50ರಿಂದ 55ರ ಒಳಗಾದರೆ 60 ತುಂಬುವ ತನಕ. 55 ದಾಟಿದವರಿಗೆ 5 ವರ್ಷ. ಈ ತಿದ್ದುಪಡಿಗೂ ಮುಂಚಿನ ಲೈಸೆನ್ಸ್ 20 ವರ್ಷ ಅಥವಾ 50ನೇ ವಯಸ್ಸಿನ ತನಕ, ಯಾವುದು ಮೊದಲೋ ಅದು. ಈ ಲೆಕ್ಕವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ಕಾರ್ಡ್ ಮೇಲೆ ತಾರೀಕು ಇರುತ್ತದೆ. ವಯಸ್ಸು 39 ಆಗಿ ಕೆನಡಾಕ್ಕೆ ಹೊರಟಿದ್ದರೆ ಮಾತ್ರ ಇಲ್ಲೇ ನವೀಕರಣ ಮಾಡಿಸಿಕೊಂಡು ಹೋಗಿ. ಮುಗಿಯುವ ತಾರೀಕಿಗೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. 40 ದಾಟಿದವರಿಗೆ ವೈದ್ಯರ ಸಹಿ ಇರುವ ಫಾರ್ಮ್ 1ಎ ಬೇಕು. ಅವಧಿ ಮುಗಿದ ಲೈಸೆನ್ಸ್ ಹಿಡಿದು ವಿದೇಶದಲ್ಲಿ ವಿನಾಯಿತಿ ಕೇಳಿದರೆ ಯಾರೂ ಕೊಡುವುದಿಲ್ಲ.

ಆದರೆ ನವೀಕರಣದಲ್ಲೂ ಒಂದು ಸಿಕ್ಕು ಇದೆ. 2008ರಲ್ಲಿ ಧಾರವಾಡದಲ್ಲಿ ಲೈಸೆನ್ಸ್ ಮಾಡಿಸಿದ್ದೀರಿ, ಹೋದ ತಿಂಗಳು ಹೊಸ ಕಾರ್ಡ್ ಬಂತು ಅಂದುಕೊಳ್ಳಿ. ಕಾರ್ಡಿನಲ್ಲಿ ಎದ್ದು ಕಾಣುವುದು ಹೋದ ತಿಂಗಳ ತಾರೀಕು. ವಿದೇಶದ ಕೌಂಟರಿನವರು ಅದನ್ನು ನೋಡಿ, "ನಿಮಗೆ ಅನುಭವ ಒಂದೇ ತಿಂಗಳಾ?" ಅಂತ ಕೇಳಬಹುದು. ಹಳೆಯ ಕಾರ್ಡ್ ಅಥವಾ ಪುಸ್ತಕದ ಕಲರ್ ಸ್ಕ್ಯಾನ್ ಇಟ್ಟುಕೊಳ್ಳುವುದು ಇದಕ್ಕೇ. ನಮ್ಮ ಲೈಸೆನ್ಸ್ ನಂಬರಿನಲ್ಲೂ ಒಂದು ಸುಳಿವು ಇರುತ್ತದೆ. ಕೆಎ-25 ಆದ ಮೇಲೆ ಬರುವ ನಾಲ್ಕು ಅಂಕಿ ಲೈಸೆನ್ಸ್ ಮೊದಲು ಸಿಕ್ಕ ವರ್ಷ. ಅಂದಹಾಗೆ ಈಗ ಹುಬ್ಬಳ್ಳಿಗೆ ಕೆಎ-63 ಇದೆ, ಹಳಬರ ಹತ್ತಿರ ಕೆಎ-25 ಇರುತ್ತದೆ. ಗದಗ ಕೆಎ-26, ಹಾವೇರಿ ಕೆಎ-27, ರಾಣೆಬೆನ್ನೂರು ಕೆಎ-68. ನಂಬರ್ ಯಾವ ಕಚೇರಿಯದೋ ದಾಖಲೆಯ ಮೂಲವೂ ಅಲ್ಲಿಯದೇ. ಎಲ್ಲಿ ಕೇಳಬೇಕು ಅನ್ನೋದು ಅದರಿಂದಲೇ ತಿಳಿಯುತ್ತದೆ.

ಅನುಭವಕ್ಕೆ ಗಟ್ಟಿ ಸಾಕ್ಷಿ ಅಂದ್ರೆ ಡಿಎಲ್ ಎಕ್ಸ್‌ಟ್ರ್ಯಾಕ್ಟ್. ನಿಮಗೆ ಮೊದಲು ಯಾವಾಗ ಲೈಸೆನ್ಸ್ ಸಿಕ್ಕಿತು, ಯಾವ ಯಾವ ವರ್ಗದ ಗಾಡಿಗೆ ಸಿಕ್ಕಿತು, ಎಲ್ಲಿಯ ತನಕ ನಡೆಯುತ್ತದೆ ಅಂತ ಆರ್‌ಟಿಒ ದಾಖಲೆಯಿಂದ ತೆಗೆದು ಕೊಡುವ ಕಾಗದ ಇದು. ಸಾರಥಿಯಲ್ಲೇ ಇದಕ್ಕೆ ಅರ್ಜಿ ಇದೆ. ಪ್ರಿಂಟ್ ಮಾತ್ರ ತಗೊಂಡು ಸುಮ್ಮನಾಗಬೇಡಿ. ಕಚೇರಿಗೆ ಹೋಗಿ ಅಧಿಕಾರಿಯ ಸಹಿ, ಹೆಸರು, ಹುದ್ದೆ, ದುಂಡು ಸೀಲು ಹಾಕಿಸಿಕೊಳ್ಳಿ. ಸೀಲಿನ ಶಾಯಿ ಒರೆಸಿ ಹೋಗಿದ್ದರೆ, ಅಕ್ಷರ ಓದಲು ಬರದಿದ್ದರೆ, ಇನ್ನೊಮ್ಮೆ ಒತ್ತಿಸಿಕೊಳ್ಳಲು ನಾಚಿಕೆ ಬೇಡ. ಮುಂದೆ ಅದನ್ನು ಸ್ಕ್ಯಾನ್ ಮಾಡಿ ನೋಡುವವರಿಗೆ ಆ ಸೀಲೇ ಆಧಾರ. ಎರಡು ಪ್ರತಿ ತಗೊಂಡರೆ ಒಳ್ಳೆಯದು.

ಕೈಬರಹದ ಪುಸ್ತಕವೋ ಲ್ಯಾಮಿನೇಷನ್ ಮಾಡಿದ ಚೀಟಿಯೋ ಇರುವ ಹಿರಿಯರಿಗೆ ಇನ್ನೊಂದು ಹೆಜ್ಜೆ ಜಾಸ್ತಿ. ಮಕ್ಕಳ ಹತ್ತಿರ ಹೋಗಿ ಇರಲು ಹೊರಟವರಲ್ಲಿ ಇಂಥವರು ಸಾಕಷ್ಟಿದ್ದಾರೆ. ಅವರ ದಾಖಲೆ ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಹಳೆಯ ರಿಜಿಸ್ಟರ್ ತೆಗೆದು ನೋಡಿ ಕಂಪ್ಯೂಟರಿಗೆ ಏರಿಸುವ ಕೆಲಸ ಇದು, ಒಂದೇ ಬಾರಿಗೆ ಆಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಟಿಕೆಟ್ ಬುಕ್ ಮಾಡುವ ದಿನವೇ ಇದನ್ನೂ ಶುರು ಮಾಡಿ.

ಇದಕ್ಕೆಲ್ಲ ಏಜೆಂಟ್ ಬೇಕಾ? ಅರ್ಜಿ ತುಂಬಲು, ಶುಲ್ಕ ಕಟ್ಟಲು ಬೇಡ. ಏಜೆಂಟ್ ಹಿಡಿದರೂ ಮೊಬೈಲ್ ನಂಬರ್ ಕಾಲಂನಲ್ಲಿ ಅವರ ನಂಬರ್ ಹಾಕಿಸಬೇಡಿ, ನಿಮ್ಮದೇ ಹಾಕಿ. ಸಾರಥಿಯಲ್ಲಿ ಎಲ್ಲದಕ್ಕೂ ಒಟಿಪಿ ಬರುತ್ತದೆ. ಏಜೆಂಟ್ ನಂಬರ್ ಹಾಕಿಬಿಟ್ಟರೆ ಮುಂದೆ ಮೆಲ್ಬರ್ನ್‌ನಲ್ಲಿ ಕೂತು ಅವರಿಗೆ ಫೋನ್ ಮಾಡುತ್ತಾ ಇರಬೇಕು. ಆಧಾರ್‌ಗೆ ಜೋಡಿಸಿದ ಊರಿನ ಸಿಮ್ ಕೂಡ ಬಂದ್ ಆಗದಂತೆ ರೀಚಾರ್ಜ್ ಮಾಡಿಸುತ್ತಾ ಇರಿ.

ಐಡಿಪಿ ಅಂದ್ರೆ ಲೈಸೆನ್ಸ್ ಅಲ್ಲ

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ (ಐಡಿಪಿ) ಅನ್ನೋದು ಮದುಮಗನ ಜೊತೆ ಬಂದ ಬೀಗರ ಹಾಗೆ. ಮದುಮಗ ಇಲ್ಲದಿದ್ದರೆ ಅವರಿಗೆ ಮರ್ಯಾದೆ ಇಲ್ಲ. ಮೂಲ ಲೈಸೆನ್ಸ್ ಕೈಯಲ್ಲಿ ಇಲ್ಲದೆ ಬರೀ ಐಡಿಪಿ ತೋರಿಸಿದರೆ ಏನೂ ಉಪಯೋಗವಿಲ್ಲ.

ಅರ್ಜಿ ಫಾರ್ಮ್ 4ಎಯಲ್ಲಿ, ಸಾರಥಿ ಮೂಲಕ. ಕೇಂದ್ರದ ನಿಯಮದಂತೆ ಶುಲ್ಕ 1,000 ರೂಪಾಯಿ. ಸಿಕ್ಕ ದಿನದಿಂದ ಒಂದು ವರ್ಷ ನಡೆಯುತ್ತದೆ, ಅಥವಾ ಲೈಸೆನ್ಸ್ ಮುಗಿಯುವ ತನಕ. ಎರಡರಲ್ಲಿ ಯಾವುದು ಮೊದಲೋ ಅದು. 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮ ದೇಶ ಇದನ್ನು ಕೊಡುತ್ತದೆ. 2022ರ ಆಗಸ್ಟಿನಲ್ಲಿ ಇಡೀ ದೇಶಕ್ಕೆ ಒಂದೇ ನಮೂನೆ ತಂದು, ಕ್ಯೂಆರ್ ಕೋಡ್ ಕೂಡ ಸೇರಿಸಿದರು. ಒಂದು ವರ್ಷ ಮಾತ್ರ ನಡೆಯುವುದರಿಂದ ಆರು ತಿಂಗಳು ಮುಂಚೆಯೇ ಮಾಡಿಸಿ ಕಪಾಟಿನಲ್ಲಿ ಇಡಬೇಡಿ, ಹೊರಡುವ ತಿಂಗಳು ಮಾಡಿಸಿ. ವಿದೇಶದಲ್ಲಿ ಇರುವಾಗ ಮುಗಿದರೆ ಭಾರತದ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ಅವಕಾಶವನ್ನು 2021ರಲ್ಲಿ ಕೊಟ್ಟಿದ್ದಾರೆ.

ಅಲ್ಲಿ ವಾಸಕ್ಕೆ ಹೋದವರಿಗೆ ಐಡಿಪಿ ಮೊದಲ ಕೆಲವು ತಿಂಗಳ ಆಸರೆ ಅಷ್ಟೇ. ಒಂದು ವರ್ಷದ ಐಡಿಪಿ ಇದೆ ಅಂತ ಒಂದು ವರ್ಷ ಓಡಿಸಬಹುದು ಅಂತಲ್ಲ. ಎಷ್ಟು ದಿನ ಓಡಿಸಬಹುದು ಅನ್ನೋದು ಆ ದೇಶದ ಕಾನೂನಿಗೆ ಬಿಟ್ಟಿದ್ದು. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಫೋನಿನಲ್ಲಿರುವ ಡಿಜಿಲಾಕರ್ ಲೈಸೆನ್ಸ್ ಬಗ್ಗೆಯೂ ಒಂದು ಮಾತು. ಅದು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ನಡೆಯುತ್ತದೆ, ಬರ್ಲಿನ್‌ನಲ್ಲಿ ನಡೆಯುವುದಿಲ್ಲ. ಪ್ಲಾಸ್ಟಿಕ್ ಕಾರ್ಡ್ ಕೈಯಲ್ಲಿ ಇರಲೇಬೇಕು. ಕಾರಿನ ಇನ್ಶೂರೆನ್ಸ್ ಕಂಪನಿಯಿಂದ ಎಷ್ಟು ವರ್ಷ ಕ್ಲೇಮ್ ಮಾಡಿಲ್ಲ ಅಂತ ಒಂದು ಪತ್ರವನ್ನೂ ಬರೆಸಿಕೊಳ್ಳಿ. ಅಲ್ಲಿನ ಇನ್ಶೂರೆನ್ಸ್‌ನವರು ಒಪ್ಪಿದರೆ ಕಂತು ಕಡಿಮೆಯಾಗುತ್ತದೆ, ಒಪ್ಪದಿದ್ದರೆ ಒಂದು ಕಾಗದ ಹೋಯ್ತು ಅಷ್ಟೇ.

ಇಳಿದ ದಿನದಿಂದ ಲೆಕ್ಕ ಶುರು

ಪ್ರತಿ ದೇಶವೂ ನಮ್ಮ ಲೈಸೆನ್ಸಿಗೆ ಒಂದು ಗಡುವು ಇಟ್ಟಿದೆ. ಕೆಲವು ಕಡೆ ಅದು ದೇಶಕ್ಕೆ ಒಂದಲ್ಲ, ರಾಜ್ಯಕ್ಕೆ ಒಂದು. ಗಡುವು ದಾಟಿದ ಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಅಪಘಾತ ಆದರೆ ಇನ್ಶೂರೆನ್ಸ್ ಕೂಡ ಕೈ ಕೊಡುತ್ತದೆ.

ಜರ್ಮನಿಯಿಂದ ಶುರು ಮಾಡೋಣ, ಅಲ್ಲಿನ ನಿಯಮ ಸ್ವಲ್ಪ ಬಿಡಿಸಿ ಹೇಳಬೇಕಾದ್ದು. ಅಲ್ಲಿ ವಾಸ ಶುರುವಾದ ದಿನದಿಂದ 6 ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ. ಒಟ್ಟು ವಾಸವೇ ಒಂದು ವರ್ಷಕ್ಕಿಂತ ಕಡಿಮೆ ಅಂತ ತೋರಿಸಿದರೆ ಮಾತ್ರ ಇನ್ನು 6 ತಿಂಗಳು ವಿಸ್ತರಣೆ ಕೇಳಬಹುದು. ಆರು ತಿಂಗಳಾದ ಮೇಲೆ ಓಡಿಸುವುದು ಅಲ್ಲಿ ಕ್ರಿಮಿನಲ್ ಅಪರಾಧ, ದಂಡ ಕಟ್ಟಿ ಮನೆಗೆ ಬರುವ ವಿಷಯ ಅಲ್ಲ.

ಅರ್ಜಿ ಹಾಕುವುದು ಅಲ್ಲಿ ನೀವಿರುವ ಊರಿನ ಫ್ಯೂರರ್‌ಶೈನ್‌ಸ್ಟೆಲ್ಲೆ ಅನ್ನುವ ಲೈಸೆನ್ಸ್ ಕಚೇರಿಯಲ್ಲಿ. ಮೂಲ ಲೈಸೆನ್ಸ್, ಅದರ ಜರ್ಮನ್ ಅನುವಾದ, ಪಾಸ್‌ಪೋರ್ಟ್, ವಿಳಾಸ ನೋಂದಣಿ ಪತ್ರ, ಬಯೋಮೆಟ್ರಿಕ್ ಫೋಟೊ, ಕಣ್ಣಿನ ಪರೀಕ್ಷೆಯ ಚೀಟಿ, ಪ್ರಥಮ ಚಿಕಿತ್ಸೆ ಕೋರ್ಸ್ ಮುಗಿಸಿದ ಪತ್ರ ಬೇಕು. ಅನುವಾದವನ್ನು ಅಲ್ಲಿನ ವಾಹನ ಸವಾರರ ಸಂಘ ಎಡಿಎಸಿ ಮಾಡಿಕೊಡುತ್ತದೆ. ಹುಬ್ಬಳ್ಳಿಯಲ್ಲಿ ಯಾರ ಹತ್ತಿರವೋ ಜರ್ಮನ್ ಅನುವಾದ ಮಾಡಿಸಿ ನೋಟರಿ ಹಾಕಿಸಿಕೊಂಡು ಹೋಗುವ ಉಸಾಬರಿ ಬೇಡ, ದುಡ್ಡು ದಂಡ.

ಹೊಸದಾಗಿ ಲೈಸೆನ್ಸ್ ಮಾಡಿಸುವ ಜರ್ಮನ್ ಹುಡುಗನಿಗೆ ಡ್ರೈವಿಂಗ್ ಸ್ಕೂಲಿನ ಕಡ್ಡಾಯ ಪಾಠಗಳಿವೆ. ಊರಿನ ಲೈಸೆನ್ಸ್ ಇರುವ ನಮಗೆ ಅವು ಕಡ್ಡಾಯವಲ್ಲ. ಅಲ್ಲಿನ ಡ್ರೈವಿಂಗ್ ಸ್ಕೂಲಿನ ಖರ್ಚು ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಉಳಿತಾಯ ಅಂತ ಅರ್ಥವಾಗುತ್ತದೆ. ಆದರೆ ಥಿಯರಿ, ರಸ್ತೆ ಪರೀಕ್ಷೆ ಎರಡೂ ಪಾಸಾಗಬೇಕು. ರಸ್ತೆ ಪರೀಕ್ಷೆ ಡ್ರೈವಿಂಗ್ ಸ್ಕೂಲಿನ ಮೂಲಕವೇ, ಅವರ ಗಾಡಿಯಲ್ಲೇ. ಆದ್ದರಿಂದ ಕೆಲವು ಪಾಠ ತಗೊಳ್ಳದೆ ಯಾವ ಶಿಕ್ಷಕರೂ ಪರೀಕ್ಷೆಗೆ ಕಳಿಸುವುದಿಲ್ಲ, ಕಳಿಸಬಾರದು ಕೂಡ. ಥಿಯರಿಯಲ್ಲಿ 30 ಪ್ರಶ್ನೆ, ಇಂಗ್ಲಿಷಿನಲ್ಲೂ ಬರೆಯಬಹುದು. ತಪ್ಪಿನ ಅಂಕ 10 ದಾಟಬಾರದು. 5 ಅಂಕದ ಪ್ರಶ್ನೆ ಎರಡು ತಪ್ಪಾದರೂ ಫೇಲು. ರಸ್ತೆ ಪರೀಕ್ಷೆ ಮಾತ್ರ ಜರ್ಮನ್ ಭಾಷೆಯಲ್ಲಿ. ಎಡಕ್ಕೆ, ಬಲಕ್ಕೆ, ನಿಲ್ಲಿಸಿ, ಮುಂದಿನ ತಿರುವು, ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಕೈಕಾಲು ಕೆಲಸ ಮಾಡುವಷ್ಟು ಅಭ್ಯಾಸ ಬೇಕು. ಬರೀ ಆಟೋಮ್ಯಾಟಿಕ್ ಕಾರಿನಲ್ಲೇ ಕಲಿತು ಪರೀಕ್ಷೆ ಕೊಟ್ಟರೆ ಸಾಮಾನ್ಯವಾಗಿ ಕಾರ್ಡಿನಲ್ಲಿ 78 ಅಂತ ಸಂಕೇತ ಬೀಳುತ್ತದೆ, ಅಂದರೆ ಗೇರ್ ಕಾರು ಓಡಿಸುವ ಹಾಗಿಲ್ಲ.

ಇನ್ನೊಂದು ಸಂಗತಿ. ಜರ್ಮನಿಗೆ ಹೋಗಿ ವಾಸ ಶುರು ಮಾಡಿ, ರಜೆಗೆ ಗದಗಕ್ಕೆ ಬಂದಾಗ ಲೈಸೆನ್ಸ್ ಮಾಡಿಸಿಕೊಂಡು ಹೋದರೆ ಅದು ಅಲ್ಲಿ ನಡೆಯುವುದಿಲ್ಲ. ಹೋಗುವ ಮುಂಚೆಯೇ ಪಡೆದಿರಬೇಕು. ಹೊಸ ಕಾರ್ಡ್ ಕೊಡುವಾಗ ನಮ್ಮ ಮೂಲ ಲೈಸೆನ್ಸನ್ನು ಒಪ್ಪಿಸಲು ಹೇಳುತ್ತಾರೆ. ಎರಡೂ ಬದಿಯ ಸ್ಕ್ಯಾನ್ ಮಾಡಿಟ್ಟುಕೊಂಡು ಕೊಡಿ.

ಬ್ರಿಟನ್ನಿನಲ್ಲಿ ಸಮಯ ಜಾಸ್ತಿ, ವಿನಾಯಿತಿ ಕಡಿಮೆ. ವಾಸ ಶುರುವಾದಾಗಿನಿಂದ 12 ತಿಂಗಳು ಊರಿನ ಲೈಸೆನ್ಸ್ ಮೇಲೆ ಓಡಿಸಬಹುದು. ನಡುವೆ ದೀಪಾವಳಿಗೆ ಊರಿಗೆ ಬಂದು ಹೋದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. 12 ತಿಂಗಳಾದ ಮೇಲೂ ಓಡಿಸಬೇಕಾದರೆ ಅಷ್ಟರೊಳಗೆ ಅಲ್ಲಿನ ಲೈಸೆನ್ಸ್ ಪಡೆದಿರಬೇಕು. ಅದಕ್ಕೆ ಹೊಸಬರ ಹಾಗೆಯೇ ಎಲ್ಲ ಮೆಟ್ಟಿಲು ಹತ್ತಬೇಕು. ಮೊದಲು ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್, ಆನ್‌ಲೈನ್‌ನಲ್ಲಿ 34 ಪೌಂಡ್. ಆಮೇಲೆ 23 ಪೌಂಡಿನ ಥಿಯರಿ. ಅದರಲ್ಲಿ 50 ಪ್ರಶ್ನೆಗೆ 43 ಸರಿ ಇರಬೇಕು. ವಿಡಿಯೊ ನೋಡುತ್ತಾ ಅಪಾಯ ಗುರುತಿಸುವ ಭಾಗದಲ್ಲಿ 75ಕ್ಕೆ 44 ಬರಬೇಕು. ಆಮೇಲೆ ವಾರದ ದಿನಗಳಲ್ಲಿ 62 ಪೌಂಡಿನ ರಸ್ತೆ ಪರೀಕ್ಷೆ. ಥಿಯರಿ ಪಾಸಾಗದೆ ರಸ್ತೆ ಪರೀಕ್ಷೆ ಬುಕ್ ಮಾಡಲು ಬರುವುದಿಲ್ಲ, ಬುಕ್ ಮಾಡಿದರೂ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹತ್ತನೇ ತಿಂಗಳಿಗೆ ಎಚ್ಚರಾದರೆ ತಡವಾಯಿತು. ವಿಳಾಸ ಸಿಕ್ಕ ಮೊದಲ ತಿಂಗಳೇ ಪ್ರೊವಿಷನಲ್‌ಗೆ ಅರ್ಜಿ ಹಾಕಿ. ದುಬೈನಲ್ಲಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು, ಅಲ್ಲಿಂದ ಬ್ರಿಟನ್ನಿಗೆ ಹೋದ ನಮ್ಮವರಿಗೆ ಮಾತ್ರ ದಾರಿ ಸುಲಭ. 2021ರಿಂದ ಯುಎಇ ಲೈಸೆನ್ಸನ್ನು ಬ್ರಿಟನ್ ನೇರವಾಗಿ ಬದಲಾಯಿಸಿಕೊಡುತ್ತದೆ.

ಕೆನಡಾದ ಒಂಟಾರಿಯೊದಲ್ಲಿ ಗಡುವು 60 ದಿನ. ಮೇಲೆ ಹೇಳಿದ ಡಿಎಲ್ ಎಕ್ಸ್‌ಟ್ರ್ಯಾಕ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದು ಇಲ್ಲೇ. ಹೊಸಬರಿಗೆ ಜಿ1, ಜಿ2, ಜಿ ಅಂತ ಮೂರು ಹಂತ, ನಡುವೆ ತಿಂಗಳುಗಟ್ಟಲೆ ಕಾಯಬೇಕು. ಎರಡು ವರ್ಷಕ್ಕಿಂತ ಹೆಚ್ಚಿನ ಅನುಭವ ಇದೆ ಅಂತ ಸಾಬೀತಾದರೆ ಬರವಣಿಗೆ ಪರೀಕ್ಷೆ, ಕಣ್ಣಿನ ಪರೀಕ್ಷೆ ಮುಗಿಸಿ ನೇರವಾಗಿ ಜಿ ರಸ್ತೆ ಪರೀಕ್ಷೆಗೆ ಹೋಗಬಹುದು. ಆದರೆ ಒಂದು ವರ್ಷಕ್ಕಿಂತ ಹೆಚ್ಚಿನ ಅನುಭವಕ್ಕೆ ನಿಮ್ಮ ಮಾತು, ನಿಮ್ಮ ಕಾರ್ಡ್ ಸಾಲದು. ಲೈಸೆನ್ಸ್ ಕೊಟ್ಟ ಕಚೇರಿಯೋ ರಾಯಭಾರ ಕಚೇರಿಯೋ ಬರೆದುಕೊಟ್ಟ ದೃಢೀಕರಣ ಬೇಕು. ಬರವಣಿಗೆಯಲ್ಲಿ 40 ಪ್ರಶ್ನೆ: ನಿಯಮದ ಮೇಲೆ 20, ಚಿಹ್ನೆಗಳ ಮೇಲೆ 20. ಎರಡರಲ್ಲೂ ಬೇರೆ ಬೇರೆಯಾಗಿ 16 ಸರಿ ಇರಬೇಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2023ರ ಜುಲೈ 1ರಿಂದ ತಾತ್ಕಾಲಿಕ ವೀಸಾದವರಿಗೂ 6 ತಿಂಗಳ ಗಡುವು ಬಂತು. ಪರ್ಮನೆಂಟ್ ರೆಸಿಡೆಂಟ್‌ಗಳಿಗೆ 3 ತಿಂಗಳು. ಮುಂಚೆ ಹೋದ ಅಣ್ಣಂದಿರು "ಸ್ಟೂಡೆಂಟ್ ವೀಸಾ ಇರೋ ತನಕ ಊರಿನ ಲೈಸೆನ್ಸ್ ಸಾಕು" ಅಂತ ಹೇಳಿದರೆ ನಂಬಬೇಡಿ, ಅದು ಅವರ ಕಾಲಕ್ಕೆ ಸರಿ. ಅಲ್ಲಿ ಇನ್ನೊಂದು ಎಚ್ಚರಿಕೆ: ರಸ್ತೆ ಪರೀಕ್ಷೆಯಲ್ಲಿ ಫೇಲಾದರೆ ಊರಿನ ಲೈಸೆನ್ಸ್ ಮೇಲೆ ಓಡಿಸುವ ಹಕ್ಕೂ ಅಲ್ಲಿಗೇ ಹೋಗುತ್ತದೆ. ಒಂದು ಕೈ ನೋಡಿಬಿಡೋಣ ಅಂತ ತಯಾರಿ ಇಲ್ಲದೆ ಹೋಗುವ ಪರೀಕ್ಷೆ ಅಲ್ಲ ಅದು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿ ಅನ್ನಿಸಿಕೊಂಡ ಮೇಲೆ 10 ದಿನ, ಟೆಕ್ಸಾಸ್‌ನಲ್ಲಿ 90 ದಿನ. ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯ ವೆಬ್‌ಸೈಟ್ ನೋಡಿ, ಪಕ್ಕದ ರಾಜ್ಯದ ಗೆಳೆಯರನ್ನು ಕೇಳಬೇಡಿ. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಆದ ಮೇಲೆ ಊರಿನ ಲೈಸೆನ್ಸ್ ನಡೆಯುವುದಿಲ್ಲ. ಸಿಂಗಪುರದಲ್ಲಿ ಮಾತ್ರ ನಮ್ಮವರಿಗೆ ಹೆಚ್ಚು ಅನುಕೂಲ: 12 ತಿಂಗಳೊಳಗೆ ಬೇಸಿಕ್ ಥಿಯರಿ ಪರೀಕ್ಷೆಯಲ್ಲಿ 50ಕ್ಕೆ 45 ತಗೊಂಡರೆ ರಸ್ತೆ ಪರೀಕ್ಷೆ ಇಲ್ಲದೆ ಬದಲಾಯಿಸಿಕೊಡುತ್ತಾರೆ.

ಇಷ್ಟು ವರ್ಷ ಓಡಿಸಿದವರು ಯಾಕೆ ಫೇಲಾಗುತ್ತಾರೆ?

ಗಾಡಿ ಓಡಿಸಲು ಬರುವುದಿಲ್ಲ ಅಂತಲ್ಲ. ಚೆನ್ನಮ್ಮ ಸರ್ಕಲ್‌ನಲ್ಲಿ ಸಂಜೆ ಆರು ಗಂಟೆಗೆ ಕಾರು ನುಗ್ಗಿಸಿ ಆಚೆ ಬಂದವರಿಗೆ ಗಾಡಿ ಮೇಲಿನ ಹಿಡಿತ ಎಲ್ಲಿಯವರಿಗಿಂತಲೂ ಕಡಿಮೆ ಇರುವುದಿಲ್ಲ. ಆ ನುಗ್ಗಿಸುವ ಅಭ್ಯಾಸವೇ ಅಲ್ಲಿ ತೊಡಕು.

ಒಂಟಾರಿಯೊದ ಸ್ಟಾಪ್ ಫಲಕ ತಗೊಳ್ಳಿ. ರಸ್ತೆ ಖಾಲಿ ಇದೆ. ಎಡಕ್ಕೆ ನೋಡಿದಿರಿ, ಬಲಕ್ಕೆ ನೋಡಿದಿರಿ, ಯಾರೂ ಇಲ್ಲ. ಬ್ರೇಕ್ ಒತ್ತಿ, ಗಾಡಿ ಆಮೆಯಷ್ಟು ನಿಧಾನ ಆಯಿತು, ಹಾಗೇ ಮುಂದೆ ಹೋದಿರಿ. ನಮಗೆ ಅದು ನಿಲ್ಲಿಸಿದ ಹಾಗೆಯೇ. ಪಕ್ಕದಲ್ಲಿ ಕೂತ ಪರೀಕ್ಷಕರು ಚಕ್ರ ನಿಂತಿತೋ ಇಲ್ಲವೋ ಅಷ್ಟೇ ನೋಡುತ್ತಾರೆ. ಬಿಳಿ ಗೆರೆಗೆ ಮುಂಚೆ, ಚಕ್ರ ಪೂರ್ತಿ ನಿಂತು, ಗಾಡಿ ಹಿಂದಕ್ಕೆ ಸಣ್ಣಗೆ ಜಗ್ಗಿದ್ದು ನಿಮಗೇ ತಿಳಿಯಬೇಕು. ಆಮೇಲೆ ಹೊರಡಿ.

ಜರ್ಮನಿಯಲ್ಲಿ ಫಲಕವೇ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನಾವು ದೊಡ್ಡ ರಸ್ತೆಯಲ್ಲಿ ಇದ್ದೇವೆ, ಅವರು ಓಣಿಯಿಂದ ಬರುತ್ತಿದ್ದಾರೆ ಅನ್ನುವ ನಮ್ಮ ಲೆಕ್ಕ ಅಲ್ಲಿಲ್ಲ. ಓಣಿಯವರೇ ಮೊದಲು ಹೋಗಬೇಕು. ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ತಲೆ ತಿರುಗಿಸಿ ಹೆಗಲ ಮೇಲಿಂದ ನೋಡಬೇಕು. ಕಣ್ಣು ಮಾತ್ರ ಹೊರಳಿಸಿದರೆ ಪರೀಕ್ಷಕರಿಗೆ ಕಾಣುವುದಿಲ್ಲ, ಕತ್ತು ತಿರುಗಿಸಿ.

ಬ್ರಿಟನ್ನಿನ ದುಂಡು ಸರ್ಕಲ್‌ಗಳಲ್ಲಿ ಬಲದಿಂದ ಬರುವವರಿಗೆ ದಾರಿ ಬಿಟ್ಟು ಒಳಗೆ ಹೋಗಬೇಕು. ಎದುರಿನ ಗಾಡಿಯವರು ಲೈಟ್ ಮಿಣುಕಿಸಿದರೆ ನಮ್ಮಲ್ಲಿ "ನಾ ಬರಾಕತ್ತೇನಿ, ನಿಲ್ಲು" ಅಂತ ಅರ್ಥ. ಅಲ್ಲಿ ಜನ ಸಾಮಾನ್ಯವಾಗಿ "ನೀವು ಹೋಗಿ" ಅನ್ನಲು ಮಿಣುಕಿಸುತ್ತಾರೆ. ಅವರ ಹೈವೇ ಕೋಡ್ ಪ್ರಕಾರ ಎರಡೂ ಅಲ್ಲ, ಇಲ್ಲಿದ್ದೇನೆ ಅಂತ ತಿಳಿಸಲು ಮಾತ್ರ. ಪರೀಕ್ಷೆಯಲ್ಲಿ ಲೈಟ್ ನಂಬಿ ಮುಂದೆ ಹೋಗಬೇಡಿ, ರಸ್ತೆ ನೋಡಿ ಹೋಗಿ. ಅಲ್ಲಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಮೊದಲ ವಾರ ತಿರುವು ಬಂದಾಗಲೆಲ್ಲ ವೈಪರ್ ಆಡಿದರೆ ಗಾಬರಿ ಬೇಡ, ಎಲ್ಲರಿಗೂ ಆಗುತ್ತದೆ.

ಬಸ್ ಲೇನ್ ಕಂಡರೆ ಹುಬ್ಬಳ್ಳಿ-ಧಾರವಾಡದ ನಡುವೆ ನಮ್ಮ ಚಿಗರಿ ಬಸ್ಸಿಗೇ ಮೀಸಲಾದ ದಾರಿ ನೆನಪು ಮಾಡಿಕೊಳ್ಳಿ. ಅದರೊಳಗೆ ಬೈಕ್ ನುಗ್ಗಿಸಿ ಅಭ್ಯಾಸ ಆದವರು ಅಲ್ಲಿ ಕ್ಯಾಮೆರಾ ಕಣ್ಣಿಗೆ ಬಿದ್ದು ಮನೆಗೆ ದಂಡದ ಪತ್ರ ತರಿಸಿಕೊಳ್ಳುತ್ತಾರೆ.

ಈ ಅಭ್ಯಾಸಗಳನ್ನು ಇಲ್ಲಿಂದಲೇ ಬದಲಾಯಿಸಿಕೊಳ್ಳಬಹುದು. ಹೊರಡುವ ಮುಂಚೆ ಹುಬ್ಬಳ್ಳಿಯಿಂದ ಹಾವೇರಿ ತನಕ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿ ಬನ್ನಿ. ಹಾರ್ನ್ ಮುಟ್ಟಬೇಡಿ, ಲೇನ್ ಬದಲಾಯಿಸುವಾಗಲೆಲ್ಲ ಕನ್ನಡಿ, ಇಂಡಿಕೇಟರ್, ಹೆಗಲ ನೋಟ, ಆಮೇಲೆ ಸ್ಟೇರಿಂಗ್. ಹಿಂದಿನ ಲಾರಿಯವರು ಬೈದರೆ ಬೈಯಲಿ. ಅಲ್ಲಿ ಹೋದ ಮೇಲೆ ಪರೀಕ್ಷೆಗೆ ಮುಂಚೆ ಸ್ಥಳೀಯ ಶಿಕ್ಷಕರ ಹತ್ತಿರ ಎರಡು ಮೂರು ಪಾಠ ತಗೊಳ್ಳಿ. ದುಬಾರಿ ಅನ್ನಿಸಿದರೂ ಫೇಲಾಗಿ ಮತ್ತೆ ಶುಲ್ಕ ಕಟ್ಟಿ, ಮತ್ತೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಅಗ್ಗ.

ವಾಪಸ್ ಬರುವವರಿಗೆ

ಊರಿನ ಲೈಸೆನ್ಸನ್ನು ಮರೆಯಬೇಡಿ. ಮುಗಿದು ಒಂದು ವರ್ಷದೊಳಗಾದರೆ ಸಾಮಾನ್ಯ ನವೀಕರಣ. ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಮುಗಿಯುವ ತಾರೀಕನ್ನು ಫೋನಿನಲ್ಲಿ ಗುರುತು ಹಾಕಿಟ್ಟು, ರಜೆಗೆ ಬಂದಾಗ ಮಾಡಿಸಿಬಿಡಿ. ಅದೂ ತಪ್ಪಿ ಹೋದರೆ ಒಂದು ದಾರಿ ಉಳಿದಿದೆ. ಬೇರೆ ದೇಶದ ಲೈಸೆನ್ಸ್ ಇದ್ದವರಿಗೆ ಅದೇ ವರ್ಗದ ಗಾಡಿಗೆ ಡ್ರೈವಿಂಗ್ ಪರೀಕ್ಷೆಯಿಂದ ವಿನಾಯಿತಿ ಕೊಡುವ ಅವಕಾಶ ಮೋಟಾರು ವಾಹನ ಕಾಯ್ದೆಯ 9ನೇ ಕಲಂನಲ್ಲಿದೆ. ಅದನ್ನು ಕೇಳಬೇಕಾದರೆ ಆ ದೇಶದ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಜರ್ಮನ್ ಕಾರ್ಡ್ ಆದರೆ ಇಂಗ್ಲಿಷ್ ಅನುವಾದವನ್ನು ಅಲ್ಲಿಂದ ಹೊರಡುವ ಮುಂಚೆಯೇ ಮಾಡಿಸಿ ತನ್ನಿ, ಹುಬ್ಬಳ್ಳಿಗೆ ಬಂದ ಮೇಲೆ ಹುಡುಕುವುದು ಕಷ್ಟ.